ರಾಣಿಯ ಬಾವಿಯೂ ಬಿಂದುಮೇಘವೂ

ಗುಜರಾತಿನ ಚೌಲುಕ್ಯರ ರಾಜಧಾನಿಯಾಗಿದ್ದ ಅಣಹಿಲಪಾಟಕವೇ ಇಂದಿನ ಪಾಟಣ. ಅಹಮದಾಬಾದಿನಿಂದ ಸುಮಾರು 125 ಕಿಲೋಮೀಟರು ದೂರದಲ್ಲಿರುವ ಈ ಊರಿನ ಅಂಚಿನಲ್ಲಿ, ಒಂದನೆಯ ಭೀಮದೇವನ ರಾಣಿಯಾದ ಉದಯಮತಿಯು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದಳೆಂದು ಹೇಳುವ ಮೆಟ್ಟಿಲುಬಾವಿಯೊಂದಿದೆ. ಜನರ ಬಾಯಲ್ಲಿ ಅದು 'ರಾಣೀ ಕೀ ವಾವ್'. ಗುಜರಾತಿಯ 'ವಾವ್' ಸಂಸ್ಕೃತದ 'ವಾಪೀ' ಶಬ್ದದಿಂದ ಬಂದುದು. ಕನ್ನಡದ 'ಬಾವಿ'ಗೂ ಅದೇ ಮೂಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬಾವಿಯ ಉದ್ದ 64 ಮೀಟರು, ಅಗಲ 20 ಮೀಟರು, ಆಳ 27 ಮೀಟರು. ಏಳು ಅಂತಸ್ತುಗಳಾಗಿ ನೆಲದೊಳಕ್ಕೆ ಇಳಿದುಹೋಗುವ ಇದನ್ನು ತಲೆಕೆಳಗು ಮಾಡಿದ ದೇವಾಲಯವೆನ್ನುವುದುಂಟು. ವಿಷ್ಣುವಿನ ಅವತಾರಗಳು, ಅಪ್ಸರೆಯರು, ನಾಗಕನ್ಯೆಯರು ಹೀಗೆ ದೊಡ್ಡ ಶಿಲ್ಪಗಳೇ ಐನೂರಕ್ಕೆ ಮೇಲ್ಪಟ್ಟಿವೆ. ಸಣ್ಣವುಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಸರಸ್ವತೀ ನದಿಯ ಹೂಳಿನಲ್ಲಿ ಶತಮಾನಗಳ ಕಾಲ ಮುಚ್ಚಿಹೋಗಿದ್ದ ಈ ಬಾವಿಯನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1980ರ ದಶಕದಲ್ಲಿ ಅಗೆದು ಬೆಳಕಿಗೆ ತಂದಿತು. 2014ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2018ರಲ್ಲಿ ಹೊರಬಂದ ನೂರು ರೂಪಾಯಿಯ ನೋಟಿನ ಹಿಂಬದಿಯಲ್ಲಿರುವುದೂ ಇದರ ಚಿತ್ರವೇ.

ಈ ರಾಣಿಗೂ ಕನ್ನಡ ನಾಡಿಗೂ ಬೀಗತನದ ಸಂಬಂಧವಿದ್ದಿತೆಂಬುದು ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಲ್ಲಿಯೂ ಎಲ್ಲರಿಗೆ ತಿಳಿದಂತಿಲ್ಲ. ಉದಯಮತಿಯ ಮಗ ಕರ್ಣದೇವನು ಮದುವೆಯಾದದ್ದು ಗೋವೆಯ ಕದಂಬರ ಜಯಕೇಶಿಯ ಮಗಳಾದ ಮಯಣಲ್ಲದೇವಿಯನ್ನು. ಹೇಮಚಂದ್ರಾಚಾರ್ಯನ 'ದ್ವ್ಯಾಶ್ರಯ'ವೂ ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಮೇರುತುಂಗನು ಬರೆದ 'ಪ್ರಬಂಧಚಿಂತಾಮಣಿ'ಯೂ ಈ ವಿವಾಹವನ್ನು ಹೇಳುತ್ತವೆ. ಮೇರುತುಂಗನು ಜಯಕೇಶಿಯನ್ನು ಕರ್ಣಾಟದ ಅರಸನೆಂದೇ ಕರೆದಿದ್ದಾನೆ. ವಧುವಿನ ರೂಪ ಮೆಚ್ಚದೆ ಕರ್ಣನು ಮದುವೆಗೆ ಒಪ್ಪದಿರಲು, ಆಕೆ ಪ್ರಾಣತ್ಯಾಗಕ್ಕೆ ಸಿದ್ಧಳಾದಳೆಂದೂ, ಆ ದುಃಖವನ್ನು ಕಾಣಲಾರದೆ ಉದಯಮತಿಯೂ ಅದೇ ನಿರ್ಧಾರ ಮಾಡಿದಳೆಂದೂ, ತಾಯಿಯ ಮಾತಿಗೆ ಕಟ್ಟುಬಿದ್ದು ಮಗನು ಕೈಹಿಡಿದನೆಂದೂ ಅವನು ಕಥೆ ಹೇಳುತ್ತಾನೆ. ಕಥೆಯ ಅಂಶ ಎಷ್ಟೇ ಇರಲಿ, ಸಿದ್ಧರಾಜ ಜಯಸಿಂಹನ ತಾಯಿ ಕನ್ನಡ ಅರಸುಮನೆತನದವಳೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಇದೇ ಕರ್ಣನು ಆಶಾವಲ್ಲಿಯ ಭಿಲ್ಲ ನಾಯಕನನ್ನು ಗೆದ್ದು ಸಾಬರಮತಿಯ ದಡದಲ್ಲಿ ಕರ್ಣಾವತಿಯನ್ನು ನೆಲೆಗೊಳಿಸಿದನು. ಅದರ ಪಕ್ಕದಲ್ಲಿಯೇ 1411ರಲ್ಲಿ ಅಹಮದ್ ಷಾಹನ ನಗರ ಎದ್ದಿತು.

ರಾಣಿಯ ಬಾವಿಯ ಚರಿತ್ರೆಯಲ್ಲಿ ಇತ್ತೀಚಿನ ಒಂದು ಘಟನೆ 2011ರಲ್ಲಿ ನಡೆಯಿತು. ಸ್ಕಾಟ್ಲೆಂಡಿನ ಪ್ರಾಚೀನ ಸ್ಮಾರಕಗಳ ಇಲಾಖೆ, ಗ್ಲಾಸ್ಗೋ ಕಲಾಶಾಲೆ ಮತ್ತು ಅಮೆರಿಕದ ಸೈಆರ್ಕ್ ಸಂಸ್ಥೆ ಇವು ಭಾರತೀಯ ಪುರಾತತ್ತ್ವ ಇಲಾಖೆಯೊಡನೆ ಕೂಡಿ, 'ಸ್ಕಾಟಿಷ್ ಟೆನ್' ಎಂಬ ಯೋಜನೆಯ ಅಂಗವಾಗಿ ಇಡೀ ಬಾವಿಯನ್ನು ಲೇಸರ್ ಕಿರಣದಿಂದ ಅಳೆದವು. ಇಂಥ ದಾಖಲೆ ಏಕೆ ಬೇಕು ಎಂದು ಕೇಳುವವರಿಗೆ ಅಹಮದಾಬಾದಿನ ಜಾಮಾ ಮಸೀದಿಯೇ ಉತ್ತರ. ಅದರ ನಡುಗಮಾನಿನ ಎರಡು ಮಿನಾರುಗಳು 1819ರ ಕಚ್ಛದ ಭೂಕಂಪದಲ್ಲಿ ಉರುಳಿದವು. ಈಗ ಉಳಿದಿರುವುದು ಅವುಗಳ ಬುಡಭಾಗ ಮಾತ್ರ. ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿಯ ಪುಣ್ಯ ಇದಕ್ಕಿಂತ ದೊಡ್ಡದು. ಕಲೆಯ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಅದನ್ನು 2010ರಲ್ಲಿಯೇ ಲೇಸರಿನಿಂದ ಅಳೆದಿಟ್ಟಿದ್ದನು. 2019ರ ಏಪ್ರಿಲಿನಲ್ಲಿ ಬೆಂಕಿ ಬಿದ್ದು ಚಾವಣಿ ಕುಸಿದಮೇಲೆ ಆ ಅಳತೆ ಪುನರ್ನಿರ್ಮಾಣಕ್ಕೆ ನೆರವಾಯಿತು.

ಆದರೆ ಲೇಸರ್ ಯಂತ್ರವು ಮನೆಗೆ ತರುವುದು ಗೋಡೆಯನ್ನಲ್ಲ, ಶಿಲ್ಪವನ್ನಲ್ಲ, ಬರಿಯ ಬಿಂದುಗಳನ್ನು. ಬಿಂದುಗಳಿಂದ ಮತ್ತೆ ಕಲ್ಲಿನ ಮೈಯನ್ನು ಕಟ್ಟುವುದು ಬೇರೆಯೇ ಒಂದು ವಿದ್ಯೆ. ಅದರಲ್ಲಿ ಹಲವು ಮಾರ್ಗಗಳುಂಟು. ಒಂದೊಂದು ಮಾರ್ಗವೂ ಕಲ್ಲಿನ ವಿಷಯದಲ್ಲಿ ಒಂದೊಂದು ಊಹೆಯನ್ನು ಮಾಡಿಕೊಳ್ಳುತ್ತದೆ. ಮುಂದೆ ಮೂಲಶಿಲ್ಪ ಸವೆದೋ ಒಡೆದೋ ಹೋದಾಗ ವಿದ್ವಾಂಸರ ಕೈಯಲ್ಲಿ ಉಳಿಯುವುದು ಈ ಕಟ್ಟಿದ ಮೈಯೇ ಆದುದರಿಂದ, ಅದರಲ್ಲಿ ಅಳೆದದ್ದೆಷ್ಟು, ಊಹಿಸಿದ್ದೆಷ್ಟು ಎಂಬ ಪ್ರಶ್ನೆಯನ್ನು ಎಂಜಿನಿಯರುಗಳಿಗೆ ಬಿಟ್ಟು ಇತಿಹಾಸಕಾರರು ಸುಮ್ಮನಿರುವಂತಿಲ್ಲ.

ಮೊದಲು ಯಂತ್ರದ ಕೆಲಸವನ್ನು ನೋಡಬಹುದು. ಮುಕ್ಕಾಲಿಯ ಮೇಲೆ ನಿಂತು ಸುತ್ತುವ ಸ್ಕ್ಯಾನರು ಒಂದು ದಿಕ್ಕಿಗೆ ಬೆಳಕಿನ ಮಿಡಿತವನ್ನು ಕಳುಹಿಸುತ್ತದೆ. ಅದು ಕಲ್ಲಿಗೆ ತಗುಲಿ ಮರಳುವ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ 30 ಸೆಂಟಿಮೀಟರು ಹೋಗುವುದರಿಂದ, ದೂರವನ್ನು ಒಂದು ಮಿಲಿಮೀಟರಿನ ನಿಖರತೆಯಲ್ಲಿ ತಿಳಿಯಲು ಆ ಭಾಗವನ್ನೂ ಸುಮಾರು ನೂರೈವತ್ತಾಗಿ ಸೀಳಿ ಅಳೆಯಬೇಕಾಗುತ್ತದೆ. ಕೆಲವು ಯಂತ್ರಗಳು ಕಾಲವನ್ನಳೆಯದೆ, ಹೋದ ಅಲೆಗೂ ಬಂದ ಅಲೆಗೂ ಇರುವ ಹೆಜ್ಜೆಯ ವ್ಯತ್ಯಾಸವನ್ನು ಅಳೆಯುತ್ತವೆ. ಹೀಗೆ ಸೆಕೆಂಡಿಗೆ ಲಕ್ಷಗಟ್ಟಲೆ ಬಿಂದುಗಳು ಸೇರುತ್ತವೆ. ಈ ರಾಶಿಗೆ 'ಬಿಂದುಮೇಘ' ಎಂಬ ಹೆಸರು ಒಪ್ಪುವಂಥದೇ: ದೂರದಿಂದ ಆಕಾರವಿದ್ದಂತೆ ತೋರುತ್ತದೆ, ಹತ್ತಿರ ಹೋದರೆ ನಡುವೆಲ್ಲ ಬಯಲು. ಒಂದೇ ಸ್ಥಳದಿಂದ ಎಲ್ಲವೂ ಕಾಣದಾದ್ದರಿಂದ ಯಂತ್ರವನ್ನು ಅನೇಕ ಕಡೆ ನಿಲ್ಲಿಸಿ, ಆಯಾ ಮೇಘಗಳನ್ನು ಒಂದರ ಮೇಲೊಂದು ಕೂಡಿಸಬೇಕು. ಇದಕ್ಕೆ 1992ರಲ್ಲಿ ಬೆಸ್ಲ್ ಮತ್ತು ಮೆಕ್‌ಕೇ ಎಂಬುವರು ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ಒಂದು ಮೇಘದ ಪ್ರತಿ ಬಿಂದುವಿಗೂ ಇನ್ನೊಂದರಲ್ಲಿ ಅತಿ ಸಮೀಪದ ಬಿಂದುವನ್ನು ಹುಡುಕುವುದು, ಆ ಜೋಡಿಗಳ ಅಂತರ ಕಡಿಮೆಯಾಗುವಂತೆ ಮೇಘವನ್ನು ಸರಿಸಿ ತಿರುಗಿಸುವುದು, ಮತ್ತೆ ಜೋಡಿ ಹುಡುಕುವುದು.

ಬಿಂದುಗಳನ್ನು ತ್ರಿಕೋನಗಳಿಂದ ಹೆಣೆಯುವ ಉಪಾಯ ಹೊಸದಲ್ಲ. ನಾಲ್ಕನೆಯ ಮೈಸೂರು ಯುದ್ಧ ಮುಗಿದಮೇಲೆ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಮೀರಿದ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನಿಂದ ಆರಂಭವಾಗಿ ಮುಂದೆ ಹಿಮಾಲಯದವರೆಗೆ ಬೆಳೆದ ಮಹಾ ತ್ರಿಕೋನಮಾಪನಕ್ಕೆ ಇದು ಪೂರ್ವಪೀಠಿಕೆ. ಆದರೆ ಲ್ಯಾಂಬ್ಟನ್ನನಿಗೆ ತನ್ನ ಬಿಂದುಗಳೆಲ್ಲ ಪರಿಚಿತವಾಗಿದ್ದವು. ಒಂದು ಬೆಟ್ಟದ ತುದಿ, ಒಂದು ಗೋಪುರದ ಶಿಖರ ಎಂದು ಆತನೇ ಆರಿಸಿ, ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬುದನ್ನು ಕಣ್ಣಿನಿಂದ ಕಂಡು ನಿರ್ಣಯಿಸುತ್ತಿದ್ದನು. ಲೇಸರಿನ ಬಿಂದುಗಳಿಗೆ ಹೆಸರಿಲ್ಲ, ನೆರೆಹೊರೆಯಿಲ್ಲ. ಅಪ್ಸರೆಯ ಮೂಗಿನ ತುದಿಯ ಬಿಂದುವೂ ಅದರ ಹಿಂದಿನ ಗೋಡೆಯ ಬಿಂದುವೂ ಯಂತ್ರದ ಲೆಕ್ಕದಲ್ಲಿ ಮೂರು ಮೂರು ಸಂಖ್ಯೆಗಳಷ್ಟೇ. ಎರಡನ್ನೂ ಒಂದೇ ತ್ರಿಕೋನದಲ್ಲಿ ಸೇರಿಸಿದರೆ ಶಿಲ್ಪಿಯು ಬಿಡಿಸಿದ್ದನ್ನು ಗಣಿತವು ಅಂಟಿಸಿದಂತಾಗುತ್ತದೆ.

ನೆಲದ ಮೇಲ್ಮೈಯಾದರೆ ಇಷ್ಟು ತೊಡಕಿಲ್ಲ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಚಂದ್ರನ ಎತ್ತರ ತಗ್ಗುಗಳನ್ನು ಅಳೆಯುವ ಎರಡು ಉಪಕರಣಗಳಿದ್ದವು. ಮೂರು ಕೋನಗಳಿಂದ ಚಿತ್ರ ತೆಗೆಯುವ ಭೂರೂಪ ಕ್ಯಾಮೆರಾವು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ್ದು. ಲೇಸರ್ ದೂರಮಾಪಕವು ಬೆಂಗಳೂರಿನ ವಿದ್ಯುದ್ದೃಕ್ ಉಪಕರಣಗಳ ಪ್ರಯೋಗಾಲಯದ್ದು. ಈ ಎರಡು ಊರುಗಳ ಸಹಯೋಗವನ್ನು ಗುಜರಾತಿನ ಕನ್ನಡಿಗರು ನೆನೆಯುವುದು ಉಚಿತ. ಅಲ್ಲಿ ಮೈ ಕಟ್ಟುವುದು ಸುಲಭವಾದದ್ದಕ್ಕೆ ಕಾರಣವಿದೆ: ಮೇಲಿನಿಂದ ನೋಡಿದಾಗ ಒಂದೊಂದು ಸ್ಥಾನಕ್ಕೂ ಒಂದೊಂದೇ ಎತ್ತರ. ನಕ್ಷೆಯ ಮೇಲೆ ಬಿಂದುಗಳನ್ನು ತ್ರಿಕೋನಗಳಾಗಿ ಹೆಣೆದು ಪ್ರತಿ ಮೂಲೆಯನ್ನೂ ಅದರ ಎತ್ತರಕ್ಕೆ ಎಬ್ಬಿಸಿದರೆ ಮುಗಿಯಿತು. ರಾಣಿಯ ಬಾವಿಯಲ್ಲಿ ಒಂದೇ ಸ್ಥಾನದ ನೆತ್ತಿಯ ಮೇಲೆ ಮಂಟಪದ ತಳ, ತೊಲೆ, ಬೋದಿಗೆ, ಕಂಬದ ಪೀಠ ಎಲ್ಲವೂ ಒಂದರ ಮೇಲೊಂದು ಇರುವುದರಿಂದ ಈ ಉಪಾಯ ನಡೆಯದು.

ನಕ್ಷೆಯಲ್ಲಿ ಬಿಂದುಗಳನ್ನು ಹೆಣೆಯುವ ಶಾಸ್ತ್ರೀಯ ನಿಯಮವನ್ನು 1934ರಲ್ಲಿ ರಷ್ಯದ ಬೋರಿಸ್ ಡೆಲೋನೆಯು ವೊರೊನಾಯ್‌ನ ಸ್ಮರಣೆಗೆ ಅರ್ಪಿಸಿದ ಲೇಖನದಲ್ಲಿ ಪ್ರತಿಪಾದಿಸಿದನು. ಒಂದು ತ್ರಿಕೋನದ ಮೂರು ಮೂಲೆಗಳ ಮೂಲಕ ಹಾಯುವ ವೃತ್ತದೊಳಗೆ ಬೇರೆ ಯಾವ ಬಿಂದುವೂ ಬೀಳದಿದ್ದರೆ ಮಾತ್ರ ಆ ತ್ರಿಕೋನ ಗ್ರಾಹ್ಯ. ಇದರಿಂದ ಸೂಜಿಯಂತೆ ಚೂಪಾದ ತ್ರಿಕೋನಗಳು ಕಡಿಮೆಯಾಗಿ ನೆರೆಯ ಬಿಂದುಗಳು ನೆರೆಯವರೊಡನೆ ಸೇರುತ್ತವೆ. ಮೂರು ಆಯಾಮಗಳಲ್ಲಿ ವೃತ್ತಕ್ಕೆ ಬದಲು ಗೋಲ, ತ್ರಿಕೋನಕ್ಕೆ ಬದಲು ಚತುಷ್ಫಲಕ. ಆಗ ಬಿಂದುಗಳ ನಡುವಿನ ಬಯಲೆಲ್ಲ ಚತುಷ್ಫಲಕಗಳಿಂದ ತುಂಬಿಹೋಗುತ್ತದೆ. ಅವುಗಳ ಅಸಂಖ್ಯ ಮುಖಗಳಲ್ಲಿ ನಿಜವಾದ ಕಲ್ಲಿನ ಮೈ ಯಾವುದೆಂದು ಆರಿಸುವುದೇ ಸಮಸ್ಯೆಯಾಗಿ ಉಳಿಯುತ್ತದೆ. ಎಡೆಲ್ಸ್‌ಬ್ರುನ್ನರ್ ಮೊದಲಾದವರು 1983ರಲ್ಲಿ ಸಮತಲಕ್ಕೂ, 1994ರಲ್ಲಿ ಮ್ಯೂಕೆಯೊಡನೆ ಘನಾಕೃತಿಗೂ ನಿರೂಪಿಸಿದ 'ಆಲ್ಫಾ ಆಕಾರ' ಒಂದು ಪರಿಹಾರ. ಗೊತ್ತಾದ ತ್ರಿಜ್ಯಕ್ಕಿಂತ ದೊಡ್ಡ ಗೋಲ ಬೇಡುವ ಮುಖಗಳನ್ನು ಕಿತ್ತುಹಾಕುವುದು ಅದರ ಸಾರ. ತ್ರಿಜ್ಯ ದೊಡ್ಡದಾದರೆ ಶಿಲ್ಪದ ಸಂದುಗಳು ಮುಚ್ಚಿಹೋಗುತ್ತವೆ. ಸಣ್ಣದಾದರೆ ಗೋಡೆಯೇ ಜರಡಿಯಾಗುತ್ತದೆ. ತ್ರಿಜ್ಯವನ್ನು ಆರಿಸುವವನು ಮನುಷ್ಯ.

1998ರಲ್ಲಿ ನೀನಾ ಅಮೆಂಟಾ ಮತ್ತು ಮಾರ್ಷಲ್ ಬರ್ನ್ ಒಂದು ಹೆಜ್ಜೆ ಮುಂದೆ ಹೋಗಿ, ಬಿಂದುಗಳು ಇಂತಿಷ್ಟು ದಟ್ಟವಾಗಿದ್ದರೆ ಕಟ್ಟಿದ ಮೈಯು ನಿಜವಾದ ಮೈಗೆ ಹೊಂದಿಯೇ ಹೊಂದುತ್ತದೆಂದು ಸಿದ್ಧಪಡಿಸಿ ತೋರಿಸಿದರು. 2000ದಲ್ಲಿ ಅಮೆಂಟಾ, ಚೋಯ್, ಡೇ, ಲೀಖಾ ಇವರು ಅದನ್ನು ಸರಳಗೊಳಿಸಿದರು. ಇವರಲ್ಲಿ ತಮಲ್ ಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದವರು; ಈ ಶಾಸ್ತ್ರದ ಮೇಲೆ ಅವರು ಬರೆದ ಗ್ರಂಥ ಕೇಂಬ್ರಿಜ್‌ನಿಂದ ಪ್ರಕಟವಾಯಿತು. ಪ್ರಮೇಯ ಸೊಗಸಾದುದು, ಆದರೆ ಅದರ ಷರತ್ತನ್ನು ಮರೆಯಬಾರದು. ಮೈ ತೀವ್ರವಾಗಿ ಬಾಗಿರುವಲ್ಲಿ, ಎರಡು ಮೈಗಳು ಒಂದಕ್ಕೊಂದು ಹತ್ತಿರವಾಗಿರುವಲ್ಲಿ, ಬಿಂದುಗಳು ಅಷ್ಟೇ ದಟ್ಟವಾಗಿರತಕ್ಕದ್ದು. ಮೈ ನುಣುಪಾಗಿಯೂ ಇರತಕ್ಕದ್ದು. ಉಳಿಯ ಏಟಿನಿಂದ ಎದ್ದ ಚೂಪಾದ ಅಂಚಿಗೆ ಪ್ರಮೇಯವು ಅಭಯ ಕೊಡುವುದಿಲ್ಲ.

ಇನ್ನೊಂದು ಪರಂಪರೆ ಬೇರೆ ದಾರಿ ಹಿಡಿಯಿತು. ಬಿಂದುಗಳನ್ನೇ ನೇರವಾಗಿ ಹೆಣೆಯದೆ, ಬಯಲನ್ನೆಲ್ಲ ಸಣ್ಣ ಸಣ್ಣ ಘನಗಳಾಗಿ ಕತ್ತರಿಸಿ, ಪ್ರತಿ ಘನದ ಮೂಲೆಯೂ ಕಲ್ಲಿನ ಒಳಗಿದೆಯೋ ಹೊರಗಿದೆಯೋ, ಮೈಯಿಂದ ಎಷ್ಟು ದೂರವಿದೆಯೋ ಎಂದು ಅಂದಾಜು ಮಾಡಿ, ಒಳಹೊರಗುಗಳ ಗಡಿಯಲ್ಲಿ ತ್ರಿಕೋನಗಳನ್ನು ಇಡುವುದು ಇದರ ಕ್ರಮ. ಗಡಿಯಲ್ಲಿ ತ್ರಿಕೋನವಿಡುವ ಕೋಷ್ಟಕವನ್ನು ಲೊರೆನ್ಸನ್ ಮತ್ತು ಕ್ಲೈನ್ 1987ರಲ್ಲಿ ಸಿದ್ಧಮಾಡಿದ್ದು ದೇಹದೊಳಗಿನ ಎಲುಬನ್ನು ವೈದ್ಯರಿಗೆ ತೋರಿಸಲೆಂದು. 1992ರಲ್ಲಿ ಹ್ಯೂಗ್ಸ್ ಹೊಪ್ ಮತ್ತು ಅವನ ಸಂಗಡಿಗರು ಅದನ್ನು ಬಿಂದುಮೇಘಕ್ಕೆ ಅನ್ವಯಿಸಿದರು. 1996ರಲ್ಲಿ ಕರ್ಲೆಸ್ ಮತ್ತು ಲೆವಾಯ್ ಇನ್ನೊಂದು ವಿವೇಕವನ್ನು ಸೇರಿಸಿದರು: ಯಂತ್ರದಿಂದ ಬಿಂದುವಿನವರೆಗೆ ಕಿರಣ ಹಾದುಬಂದ ದಾರಿಯು ಖಾಲಿಯೆಂದು ಖಂಡಿತವಾಗಿ ಗೊತ್ತು, ಬಿಂದುವಿನ ಆಚೆಗಿರುವುದನ್ನು ಯಾರೂ ಕಂಡಿಲ್ಲ. ಹೀಗೆ ಅವರು ಬಯಲನ್ನು ಖಾಲಿಯಾದದ್ದು, ಮೈಯ ಸಮೀಪದ್ದು, ಕಾಣದೆ ಉಳಿದದ್ದು ಎಂದು ಮೂರಾಗಿ ವಿಂಗಡಿಸಿದರು. ಖಾಲಿಗೂ ಕಾಣದ್ದಕ್ಕೂ ನಡುವಿನ ಗಡಿಯಲ್ಲಿ ಎದ್ದ ತ್ರಿಕೋನವು ತೇಪೆಯೇ ಹೊರತು ಅಳತೆಯಲ್ಲವೆಂದು ಇದರಿಂದ ತಿಳಿಯುತ್ತದೆ. 1998-99ರಲ್ಲಿ ಲೆವಾಯ್‌ನ ತಂಡವು ಮೈಕೆಲೇಂಜೆಲೋನ ದಾವಿದನನ್ನು ಕಾಲು ಮಿಲಿಮೀಟರಿನ ಅಂತರದಲ್ಲಿ ಅಳೆದಾಗ ಈ ವಿಂಗಡಣೆಯ ಬೆಲೆ ಗೊತ್ತಾಯಿತು. ಸುಮಾರು ಐದು ಮೀಟರು ಎತ್ತರದ ಆ ಪ್ರತಿಮೆಯ ಗುಂಗುರುಗೂದಲಿನ ಸಂದುಗಳಂಥ ಕಡೆ ಕಿರಣಕ್ಕೆ ಪ್ರವೇಶವೇ ಇರಲಿಲ್ಲ.

ಅದೇ ಮೈಕೆಲೇಂಜೆಲೋನ ಫ್ಲಾರೆನ್ಸಿನ ಪಿಯೆತಾ ಶಿಲ್ಪಕ್ಕಾಗಿ ಐಬಿಎಮ್ ಸಂಸ್ಥೆಯ ಬರ್ನಾರ್ಡಿನಿ ಮೊದಲಾದವರು 1999ರಲ್ಲಿ ಪ್ರಕಟಿಸಿದ ಕ್ರಮವನ್ನು ಮಗುವಿಗೂ ತಿಳಿಯುವಂತೆ ಹೇಳಬಹುದು. ಬಿಂದುಗಳ ಮೇಲೆ ಒಂದು ಚೆಂಡನ್ನು ಉರುಳಿಸುವುದು. ಅದು ಏಕಕಾಲಕ್ಕೆ ಮೂರು ಬಿಂದುಗಳ ಮೇಲೆ ಕುಳಿತರೆ ಅಲ್ಲೊಂದು ತ್ರಿಕೋನ. ಮತ್ತೆ ಅಂಚಿನ ಮೇಲೆ ಹೊರಳಿಸಿದರೆ ಮುಂದಿನದು. ಬಿಂದುಗಳಿಲ್ಲದ ಕಡೆ ಚೆಂಡು ತೂರಿ ಬೀಳುತ್ತದೆ, ಅಲ್ಲಿ ರಂಧ್ರ ಉಳಿಯುತ್ತದೆ. ಈ ಕ್ರಮದ ಪ್ರಾಮಾಣಿಕತೆ ಅದರ ರಂಧ್ರಗಳಲ್ಲಿಯೇ ಇದೆ. ನೋಡುವವರಿಗೆ ಮಾತ್ರ ತೂತುಬಿದ್ದ ಶಿಲ್ಪ ರುಚಿಸುವುದಿಲ್ಲ.

ಆ ಅರುಚಿಗೆ ಮದ್ದಾಗಿ ಬಂದುದು 2006ರಲ್ಲಿ ಕಜ್ದಾನ್, ಬೊಲಿಥೋ ಮತ್ತು ಹೊಪ್ ನಿರೂಪಿಸಿದ ಪುವಾಸೋನ್ ಕ್ರಮ. ಇಂದು ಅತ್ಯಂತ ಬಳಕೆಯಲ್ಲಿರುವ ಮಾರ್ಗಗಳಲ್ಲಿ ಇದು ಒಂದು. ಪ್ರತಿ ಬಿಂದುವಿಗೂ ಹೊರಮುಖವಾಗಿ ನಿಂತ ಒಂದು ಬಾಣವನ್ನು ಕಲ್ಪಿಸಿಕೊಂಡು, ಆ ಬಾಣಗಳಿಗೆಲ್ಲ ಒಟ್ಟಾಗಿ ಹೊಂದುವ ಒಳಹೊರಗುಗಳ ಫಲನವನ್ನು, ಗುರುತ್ವ ಮತ್ತು ವಿದ್ಯುತ್ತಿನ ಶಾಸ್ತ್ರದಲ್ಲಿ ಪರಿಚಿತವಾದ ಪುವಾಸೋನನ ಸಮೀಕರಣದಿಂದ ಬಿಡಿಸುತ್ತಾರೆ. ಎಲ್ಲ ಬಿಂದುಗಳನ್ನೂ ಏಕಕಾಲಕ್ಕೆ ಪರಿಗಣಿಸುವುದರಿಂದ ಅಲ್ಲೊಂದು ಇಲ್ಲೊಂದು ತಪ್ಪಿದ ಬಿಂದು ಕೆಡುಕು ಮಾಡುವುದಿಲ್ಲ. ಹೊರಬರುವ ಮೈಗೆ ತೂತಿಲ್ಲ, ಬಿಂದಿಗೆಯಂತೆ ನೀರು ಹಿಡಿದೀತು. ಆದರೆ ಬಿಂದುಗಳೇ ಇಲ್ಲದ ಕಡೆಯಲ್ಲಿಯೂ ಅದು ನುಣ್ಣನೆಯ ಮೈಯೊಂದನ್ನು ಹಾಸಿಬಿಡುತ್ತದೆ. ಅಲ್ಲದೆ ಸೂಕ್ಷ್ಮತೆಗೆ ಒಂದು ಮಿತಿಯನ್ನು ಮೊದಲೇ ಕೊಡಬೇಕು. ಈ ಮಿತಿಯನ್ನು ಹತ್ತು ಎಂದಿಟ್ಟರೆ ಉದ್ದವನ್ನು 1024 ಭಾಗ ಮಾಡಿದಂತೆ. 64 ಮೀಟರಿನ ರಾಣಿಯ ಬಾವಿಯನ್ನು ಒಂದೇ ಸಲಕ್ಕೆ ಹೀಗೆ ಕಟ್ಟಿದರೆ ಒಂದೊಂದು ಮನೆಯೂ ಆರು ಸೆಂಟಿಮೀಟರಿಗೆ ಮೇಲಾಗಿ, ಅಪ್ಸರೆಯ ಕಣ್ಣು ಮೂಗುಗಳೆಲ್ಲ ಕರಗಿಹೋಗುತ್ತವೆ. ಹದಿಮೂರಕ್ಕೆ ಏರಿಸಿದರೆ ಎಂಟು ಮಿಲಿಮೀಟರು, ಹದಿನಾರಕ್ಕೆ ಏರಿಸಿದರೆ ಒಂದು ಮಿಲಿಮೀಟರು. ಒಂದೊಂದು ಮೆಟ್ಟಿಲು ಏರಿದಂತೆಲ್ಲ ತ್ರಿಕೋನಗಳ ಸಂಖ್ಯೆ ಸುಮಾರು ನಾಲ್ಕು ಮಡಿಯಾಗುತ್ತದೆ. ಆದುದರಿಂದ ಬಾವಿಯನ್ನು ಅಂಕಣ ಅಂಕಣವಾಗಿ ಕತ್ತರಿಸಿ ಕಟ್ಟುವುದೇ ಮೇಲು.

ಮೆಟ್ಟಿಲುಬಾವಿಯಂಥ ಕಟ್ಟಡದಲ್ಲಿ ಕಿರಣ ತಲುಪದ ತಾಣಗಳು ಯಾವುವೆಂಬುದನ್ನು ಊಹಿಸುವುದು ಕಷ್ಟವಲ್ಲ. ಕೆಳಗೆ ನಿಂತ ಯಂತ್ರಕ್ಕೆ ಚಾಚಿದ ಪಟ್ಟಿಕೆಗಳ ಮೇಲ್ಭಾಗ ಕಾಣುವುದಿಲ್ಲ. ಕಂಬದ ಹಿಂದಿನ ಕಂಬ, ಗೋಡೆಯಿಂದ ಎದ್ದುಬಂದ ಮೂರ್ತಿಯ ಬೆನ್ನಿನ ಸಂದು, ಕೈ ಮತ್ತು ಆಯುಧಗಳ ನಡುವಣ ಕಿಂಡಿ ಇವೂ ಹಾಗೆಯೇ. ಪಶ್ಚಿಮದ ತುದಿಯಲ್ಲಿರುವ, ಹತ್ತು ಮೀಟರು ವ್ಯಾಸ, ಮೂವತ್ತು ಮೀಟರು ಆಳದ ಬಾವಿಯ ಕೊಳವೆಯಲ್ಲಿ ಯಂತ್ರವನ್ನು ನಿಲ್ಲಿಸಲು ನೆಲವೇ ಇಲ್ಲ. ಶಿಲ್ಪಶಾಸ್ತ್ರದ ವಿದ್ಯಾರ್ಥಿಯು ಮೂರ್ತಿಯನ್ನು ಗುರುತಿಸುವುದು ಕೈಯಲ್ಲಿರುವ ಆಯುಧದಿಂದ. ಗದೆಯೋ ಪದ್ಮದ ದಂಟೋ ಎಂಬುದು ನಿಶ್ಚಯವಾಗಬೇಕಾದ ಕಿಂಡಿಯಲ್ಲಿಯೇ ಪುವಾಸೋನನ ನುಣುಪು ಬಂದು ಕೂತಿದ್ದರೆ, ಅವನು ಕಾಣುವುದು ಶಿಲ್ಪಿಯ ಕೃತಿಯನ್ನಲ್ಲ.

ನುಣುಪು ಮಾಡುವುದು ಮತ್ತೊಂದು ಅಪಾಯ. ಪ್ರತಿ ಬಿಂದುವಿನಲ್ಲಿಯೂ ಯಂತ್ರದ ಸ್ವಲ್ಪ ತಪ್ಪು ಇರುವುದರಿಂದ, ಮೈ ಕಟ್ಟಿದಮೇಲೆ ಉಬ್ಬುತಗ್ಗುಗಳನ್ನು ಸವರುವ ವಾಡಿಕೆಯಿದೆ. ಸವರುವ ಗಣಿತಕ್ಕೆ ಯಂತ್ರದ ತಪ್ಪೂ ಶಿಲ್ಪಿಯ ಗೀರೂ ಒಂದೇ. ಮಯಣಲ್ಲದೇವಿಯನ್ನು ಗುಜರಾತಿನ ಜನ ಮೀನಲದೇವಿಯೆಂದು ನೆನೆಯುತ್ತಾರೆ. ಧೋಳಕಾದ ಮಲಾವ್ ಕೆರೆಯನ್ನು ಅವಳು ಕಟ್ಟಿಸುವಾಗ ದಂಡೆಯ ಪಾತ್ರದಲ್ಲಿ ಬಡ ಹೆಂಗಸೊಬ್ಬಳ ಮನೆ ಅಡ್ಡ ಬಂತೆಂದೂ, ಎಷ್ಟು ಹಣಕ್ಕೂ ಅವಳು ಒಪ್ಪದಿರಲು ರಾಣಿಯು ಬಲಾತ್ಕಾರ ಮಾಡದೆ ದಂಡೆಯನ್ನೇ ಅಷ್ಟು ಸೊಟ್ಟಗೆ ಬಿಡಿಸಿದಳೆಂದೂ ಐತಿಹ್ಯ. ನ್ಯಾಯವನ್ನು ನೋಡಬೇಕಾದರೆ ಮಲಾವ್ ಕೆರೆಯನ್ನು ನೋಡು ಎಂಬ ಅರ್ಥದ ಮಾತು ಆ ಸೀಮೆಯಲ್ಲಿ ಪ್ರಚಲಿತವಾಗಿದೆ. ದುಂಡಗಿರಬೇಕಾದ ದಂಡೆಯ ಸೊಟ್ಟವನ್ನು ತಪ್ಪೆಂದು ಸವರುವ ವಿಧಾನಕ್ಕೆ ಈ ಕನ್ನಡತಿಯ ಕಥೆ ಗೊತ್ತಿರುವುದಿಲ್ಲ.

ಈ ವಿದ್ಯೆಯಲ್ಲಿ ತಪ್ಪಿಗೆ ತಕ್ಷಣ ದಂಡ ತೆರಬೇಕಾದ ಊರೆಂದರೆ ಸೂರತ್ತು. ಜಗತ್ತಿನಲ್ಲಿ ಸಾಣೆಗೊಳ್ಳುವ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತು ಸೂರತ್ತಿನ ಘಂಟಿಗಳ ಮೇಲೆ ಹಾದುಹೋಗುತ್ತವೆಂದು ವ್ಯಾಪಾರಿಗಳ ಅಂದಾಜು. ಹಿಂದೆ ಕಚ್ಚಾ ಹರಳನ್ನು ಕಣ್ಣಿಗೆ ಹಿಡಿದು, ಎಲ್ಲಿ ಸೀಳಬೇಕೆಂದು ಅನುಭವಿಯೊಬ್ಬನು ಮಸಿಯಿಂದ ಗೆರೆ ಎಳೆಯುತ್ತಿದ್ದನು. ಈಗ ಹರಳನ್ನು ಯಂತ್ರದಲ್ಲಿ ಕೂರಿಸಿ ಸುತ್ತಿಸಿ, ಅದರ ಮೈಯನ್ನು ತ್ರಿಕೋನಗಳಲ್ಲಿ ಕಟ್ಟಿ, ಒಳಗೆ ಯಾವ ಆಕಾರದ ವಜ್ರ ಎಷ್ಟು ತೂಕದ್ದು ಹಿಡಿಸುತ್ತದೆಂದು ಲೆಕ್ಕ ಮಾಡುತ್ತಾರೆ. ಹರಳಿನ ನೆರಳನ್ನು ಸುತ್ತಲಿಂದಲೂ ಹಿಡಿದು ಮೈ ಕಟ್ಟುವುದು ಒಂದು ಕ್ರಮ. ಆದರೆ ನೆರಳಿನಲ್ಲಿ ತಗ್ಗು ಕಾಣದು. ಕುಳಿಯ ಎರಡು ಅಂಚುಗಳ ನಡುವೆ ಗಣಿತವು ಸೇತುವೆ ಕಟ್ಟಿ, ಇಲ್ಲದ ವಜ್ರವನ್ನು ಇದೆಯೆನ್ನುತ್ತದೆ. ಆ ಕಾರಣ ತಗ್ಗುಗಳನ್ನು ಅಳೆಯಲು ಲೇಸರ್ ಗೆರೆಯನ್ನು ಹಾಯಿಸುವ ಯಂತ್ರಗಳು ಬಂದವು. ಸೂರತ್ತಿನವರಿಗೆ ಇನ್ನೊಂದು ಅನುಕೂಲವುಂಟು, ಅದು ತಕ್ಕಡಿ. ವಜ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 3.52 ಗ್ರಾಮು, ಒಂದು ಕ್ಯಾರಟ್ಟೆಂದರೆ 0.2 ಗ್ರಾಮು. ಹತ್ತು ಕ್ಯಾರಟ್ಟಿನ ಹರಳಿನ ಗಾತ್ರ 568 ಘನ ಮಿಲಿಮೀಟರು ಇರಬೇಕು. ಕಟ್ಟಿದ ಮೈ 580 ತೋರಿಸಿತೆಂದರೆ, ಕ್ಯಾರಟ್ಟಿನ ಐದನೆಯ ಒಂದು ಪಾಲಿಗೂ ಹೆಚ್ಚಾದ ವಜ್ರವನ್ನು ಗಣಿತವು ತಾನೇ ಹುಟ್ಟಿಸಿದೆಯೆಂದು ತಿಳಿಯುತ್ತದೆ. ರಾಣಿಯ ಬಾವಿಯನ್ನು ತೂಗುವ ತಕ್ಕಡಿಯಿಲ್ಲ. ಅಲ್ಲಿ ಹುಟ್ಟಿಸಿದ ಕಲ್ಲು ಗುಟ್ಟಾಗಿಯೇ ಉಳಿಯುತ್ತದೆ.

ತಕ್ಕಡಿಯಿಲ್ಲದ ಕಡೆ ಏನು ಮಾಡಬೇಕೆಂಬುದನ್ನು ಗ್ರಂಥಸಂಪಾದಕರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ವಡೋದರದ ಪ್ರಾಚ್ಯ ವಿದ್ಯಾಮಂದಿರವು 1960ರಿಂದ 1975ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯನ್ನು ತೆರೆದು ನೋಡಬೇಕು. ಸಂಪಾದಕರು ಸ್ವೀಕರಿಸಿದ ಪಾಠ ಮೇಲಿದೆ, ಬಿಟ್ಟ ಪಾಠಾಂತರಗಳು ಅಡಿಯಲ್ಲಿವೆ. ಓದುಗನು ಸಂಪಾದಕನ ತೀರ್ಪನ್ನು ಒಪ್ಪದಿದ್ದರೆ ಹಸ್ತಪ್ರತಿಗಳ ಸಾಕ್ಷ್ಯಕ್ಕೆ ಮರಳಬಹುದು. ಶಾಸನಗಳ ವಿಷಯದಲ್ಲಿಯೂ ಹೀಗೆಯೇ. ರಾಷ್ಟ್ರಕೂಟ ಮೂರನೆಯ ಗೋವಿಂದನು ಲಾಟದೇಶಕ್ಕೆ ತಮ್ಮನಾದ ಇಂದ್ರನನ್ನು ನೇಮಿಸಿದ ಮೇಲೆ ಬೆಳೆದ ಶಾಖೆಯ ತಾಮ್ರಪಟಗಳು ವಡೋದರದಲ್ಲಿಯೂ ಸೂರತ್ತಿನಲ್ಲಿಯೂ ದೊರೆತಿವೆ. ಇಂದ್ರನ ಮಗ ಕರ್ಕನ ವಡೋದರದ ಪಟ ಶಕ 734ರದು. ಇಂಥ ಶಾಸನಗಳನ್ನು ಅಚ್ಚಿಗೆ ಕೊಡುವಾಗ, ಅಳಿಸಿದ ಅಕ್ಷರವನ್ನು ಸಂಪಾದಕನು ಊಹಿಸಿ ತುಂಬಿದ್ದರೆ ಅದನ್ನು ಕಂಸದೊಳಗಿಡುವುದು ಶಾಸನಶಾಸ್ತ್ರದ ಕಟ್ಟುಪಾಡು. ಕಂಸವಿಲ್ಲದೆ ತುಂಬಿದವನನ್ನು ವಿದ್ವಾಂಸರು ಕ್ಷಮಿಸುವುದಿಲ್ಲ. ತ್ರಿಕೋನಜಾಲದಲ್ಲಿ ಕಂಸಗಳಿಲ್ಲ, ಅಳೆದ ತ್ರಿಕೋನವೂ ತುಂಬಿದ ತ್ರಿಕೋನವೂ ಒಂದೇ ಬಣ್ಣದಲ್ಲಿ ಹೊಳೆಯುತ್ತವೆ.

ಕನ್ನಡ ಶಾಸನಗಳಿಗೆ ಈ ಮಾತು ನೇರವಾಗಿ ಅನ್ವಯಿಸುವ ಕಾಲ ಬಂದಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಕೆಲಸವನ್ನು ಕೈಗೊಂಡಿತು. ರಸ್ತೆ ಅಗಲಿಸುವಾಗ, ಮನೆ ಕಟ್ಟುವಾಗ ಶಾಸನಗಳು ಮಣ್ಣುಪಾಲಾಗುತ್ತಿದ್ದ ನಗರದಲ್ಲಿ ಇದು ಎಷ್ಟು ಹೊಗಳಿದರೂ ಸಾಲದ ಕಾರ್ಯ. 2018ರಲ್ಲಿ ಹೆಬ್ಬಾಳದ ಚರಂಡಿ ಕಾಮಗಾರಿಯಲ್ಲಿ ಹೊರಬಿದ್ದ ಕಿತ್ತಯ್ಯನ ವೀರಗಲ್ಲು ಕ್ರಿ. ಶ. 750ರ ಸುಮಾರಿನದು, ಆ ಊರಿನ ಹೆಸರಿಗೂ ಅಷ್ಟೇ ಹಳಮೆಯನ್ನು ಕೊಟ್ಟ ಕಲ್ಲು ಅದು. ಮಸಿ ಹಚ್ಚಿ ಕಾಗದದ ಮೇಲೆ ಪಡಿಯಚ್ಚು ತೆಗೆಯುವ ಹಳೆಯ ಕ್ರಮದಲ್ಲಿ ಸವೆದ ಅಕ್ಷರ ಬೀಳುವುದಿಲ್ಲ. ಮಿಲಿಮೀಟರಿನ ಹತ್ತನೆಯ ಭಾಗವನ್ನೂ ಹಿಡಿಯುವ ಸ್ಕ್ಯಾನರು ತಂದ ಮೈಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಬಹುದು. ಬರಿಗಣ್ಣಿಗೆ ಕಾಣದ ಅಕ್ಷರಗಳು ಇದರಿಂದ ಓದಿಗೆ ದಕ್ಕುತ್ತವೆ. ಆದರೆ ಇದೇ ಸೂಕ್ಷ್ಮತೆಯಲ್ಲಿ ಸವರುವಿಕೆಯ ಹಾನಿಯೂ ಹೆಚ್ಚು. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಒಳಗಿನ ಒಂದು ಗೀರು. ಮಳೆಗಾಳಿಗಳಿಗೆ ಅರ್ಧ ಸವೆದ ಆ ಗೀರನ್ನು ಗಣಿತವು ಗದ್ದಲವೆಂದು ಅಳಿಸಿದರೆ ಓದು ಬದಲಾಗುತ್ತದೆ. ಕಲ್ಲಿನ ಸಹಜವಾದ ಬಿರುಕೊಂದನ್ನು ಉಳಿಸಿದರೆ ಪಕಾರವೇ ಷಕಾರವಾಗಲೂಬಹುದು. ಒಂದು ಹೆಸರಿನ ನಡುವೆ ಇಂಥದು ಸಂಭವಿಸಿತೆಂದರೆ, ಇಲ್ಲದ ಊರೊಂದು ಕರ್ನಾಟಕದ ಇತಿಹಾಸದಲ್ಲಿ ಹುಟ್ಟಿಕೊಂಡೀತು.

ಉಪಾಯಗಳು ಇಲ್ಲದಿಲ್ಲ. ಪುವಾಸೋನ್ ಕ್ರಮವನ್ನು ರೂಪಿಸಿದವರೇ ತಮ್ಮ ಸಾಧನದಲ್ಲಿ, ಕಟ್ಟಿದ ಮೈಯ ಒಂದೊಂದು ಮೂಲೆಯ ಬಳಿಯೂ ಅಳೆದ ಬಿಂದುಗಳು ಎಷ್ಟು ದಟ್ಟವಾಗಿದ್ದವೆಂಬ ಸಂಖ್ಯೆಯನ್ನು ಬರೆದಿಡುವ ಏರ್ಪಾಟು ಮಾಡಿದ್ದಾರೆ. ದಟ್ಟಣೆ ಸಾಲದ ಭಾಗವನ್ನು ಕತ್ತರಿಸಿ ತೆಗೆಯುವ ಸಾಧನವನ್ನೂ ಜೊತೆಗೆ ಕೊಟ್ಟಿದ್ದಾರೆ. ಕತ್ತರಿಸುವುದು ಬೇಡವಾದರೆ ಆ ಸಂಖ್ಯೆಯಿಂದ ಬಣ್ಣ ಬಳಿಯಬಹುದು. ತುಂಬಿದ ಕಲ್ಲು ಕೆಂಪಾಗಿ ಕಂಡರೆ ಅದೇ ಕಂಸವಾಯಿತು. 2006ರಲ್ಲಿ ರಚಿತವಾಗಿ 2009ರಲ್ಲಿ ಪರಿಷ್ಕೃತವಾದ 'ಲಂಡನ್ ಸನದು' ಪರಂಪರೆಯ ಗಣಕಚಿತ್ರಗಳಲ್ಲಿ ಸಾಕ್ಷ್ಯವನ್ನೂ ಊಹೆಯನ್ನೂ ಬೇರ್ಪಡಿಸಿ ತೋರಿಸಬೇಕೆಂದು ವಿಧಿಸುತ್ತದೆ. ಹೆಚ್ಚಿನ ಖರ್ಚಿಲ್ಲದ ಈ ಕೆಲಸವನ್ನು ಬಿಟ್ಟುಬಿಡುವುದಕ್ಕೆ ಮುಖ್ಯ ಕಾರಣ ಅಂದವೆಂದೇ ಹೇಳಬೇಕು: ಪ್ರದರ್ಶನಕ್ಕೆ ಕೆಂಪು ತೇಪೆಗಳಿಲ್ಲದ ಶಿಲ್ಪವೇ ಚೆನ್ನ.

ಇದಕ್ಕೂ ಮುಖ್ಯವಾದುದು ಮೂಲ ಬಿಂದುಮೇಘವನ್ನು ಕಾಪಾಡುವುದು. ಕಡತ ದೊಡ್ಡದೆಂಬ ಕಾರಣಕ್ಕೆ ತ್ರಿಕೋನಜಾಲವನ್ನು ಇಟ್ಟುಕೊಂಡು ಬಿಂದುಗಳನ್ನು ಬಿಸಾಡಿದರೆ, ಪರಿಷ್ಕೃತ ಪಾಠವನ್ನು ಅಚ್ಚು ಹಾಕಿಸಿ ಓಲೆಗರಿಗಳನ್ನು ಒಲೆಗೆ ಹಾಕಿದಂತಾಗುತ್ತದೆ. 1992ರಲ್ಲಿ ಹೊಪ್ ಬಲ್ಲದ್ದನ್ನು 2006ರಲ್ಲಿ ಹೊಪ್ ಮತ್ತು ಸಂಗಡಿಗರೇ ಮೀರಿದರು. 2013ರಲ್ಲಿ ಕಜ್ದಾನ್ ಮತ್ತು ಹೊಪ್ ತಮ್ಮ ಕ್ರಮವನ್ನು ಮತ್ತೆ ತಿದ್ದಿ, ಮೈಯು ಅಳೆದ ಬಿಂದುಗಳಿಗೆ ಇನ್ನೂ ಹತ್ತಿರವಾಗಿ ಹಾಯುವಂತೆ ಮಾಡಿದರು. ಪಾಟಣದಲ್ಲಿ 2011ರಲ್ಲಿ ಹಿಡಿದಂಥ ಬಿಂದುಗಳಿಂದ ಹೊಸ ಕ್ರಮದಲ್ಲಿ ಹೊಸ ಮೈಯನ್ನು ಎಷ್ಟು ಸಲ ಬೇಕಾದರೂ ಕಟ್ಟಬಹುದು. ಬಿಂದುಗಳ ಜೊತೆಗೆ ಯಂತ್ರ ಎಲ್ಲೆಲ್ಲಿ ನಿಂತಿತ್ತು, ಮೈ ಕಟ್ಟಿದ ಕ್ರಮ ಯಾವುದು, ಮಿತಿಯ ಸಂಖ್ಯೆ ಎಷ್ಟು, ಸವರಿದ್ದು ಎಷ್ಟು ಸಲ ಎಂಬ ನಾಲ್ಕು ಸಾಲುಗಳನ್ನು ಬರೆದಿಟ್ಟರೆ, ಮುಂದಿನ ಸಂಪಾದಕನಿಗೆ ಅಷ್ಟು ಸಾಕು.